ಮೂರನೇ ಶೆಡ್ಡಿನ ಮೊಟ್ಟೆ

ನಮ್ಮ ಊರಿನ ಮಕ್ಕಳು ನನ್ನನ್ನು ಕಂಡು ಹೆದರತೊಡಗಿದ್ದು ಆಷಾಢದ ಹೊತ್ತಿಗೆ. ಮೊದಮೊದಲು ನಾನದನ್ನು ಮನಸ್ಸಿಗೇ ಹಚ್ಚಿಕೊಳ್ಳಲಿಲ್ಲ. ನನ್ನ ಮುಖ ನೋಡಿ ಮಕ್ಕಳಿರಲಿ, ನನ್ನ ಗಂಡ ಚನ್ನವೀರನೇ ಎಷ್ಟೋ ಸಲ ಚಪ್ಪಲಿ ಮೆಟ್ಟಿಕೊಂಡು ಬಸ್ ಡಿಪೋಕ್ಕೆ ಬೇಗ ಹೊರಟುಬಿಟ್ಟಿದ್ದಾನೆ. ಆದರೆ ಅವತ್ತು ಕಿರಾಣಿ ಅಂಗಡಿಯ ಮುಂದೆ ಚಿಕ್ಕಿ ತಿನ್ನುತ್ತ ಗಲಾಟೆ ಮಾಡುತ್ತಿದ್ದ ಆರೇಳು ಮಕ್ಕಳು, ನಾನು ಸೋಪು ಕೊಳ್ಳಲು ಬಂದದ್ದೇ ತಡ, ಒಟ್ಟಿಗೇ ಮಾತು ನಿಲ್ಲಿಸಿದರು. ಯಾರೂ ಓಡಲಿಲ್ಲ. ಎಲ್ಲರೂ ತಲೆಯನ್ನು ಒಂದೇ ಬದಿಗೆ ವಾಲಿಸಿ, ಒಂದು ಕಣ್ಣಿನಿಂದ ನನ್ನನ್ನು ನೋಡಿದರು.

"ಏನ್ರೋ, ದೆವ್ವ ಕಂಡಂಗ ನೋಡ್ತೀರಿ?" ಎಂದು ರೇಗಿದೆ.

ನಾನು ಸೋಪು ತೆಗೆದುಕೊಂಡು ಮೂಲೆ ತಿರುಗುವವರೆಗೂ ಅವರು ಹಾಗೇ ನಿಂತಿದ್ದರು. ತಿರುಗಿದ ಮೇಲೆ ಗಲಾಟೆ ಮತ್ತೆ ಶುರುವಾಯಿತು.

ನಾನು ಶಿವಲೀಲಾ. ಬೇವಿನಕಟ್ಟೆಯ ಹೊರಗಿರುವ ಪಕ್ಷಿ ಸಂಶೋಧನಾ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಟೆಕ್ನಿಷಿಯನ್. ಕೋಳಿಗಳ ರೆಕ್ಕೆಯ ನರಕ್ಕೆ ಸೂಜಿ ಚುಚ್ಚಿ ರಕ್ತ ತೆಗೆಯುವುದು ನನ್ನ ಕೆಲಸ. ಮೊಟ್ಟೆ ಇಡುವುದನ್ನು ನಿಲ್ಲಿಸಿದ ಕೋಳಿಗಳನ್ನು ಗುರುತಿಸಿ ಹೊರಗೆ ಹಾಕುವುದೂ ನನ್ನದೇ. ಅದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಕೋಳಿಯ ಸೊಂಟದ ಎರಡು ಎಲುಬುಗಳ ನಡುವೆ ಬೆರಳಿಟ್ಟು ನೋಡಬೇಕು. ಮೂರು ಬೆರಳು ಹಿಡಿಸಿದರೆ ಅದು ಇಡುತ್ತಿದೆ, ಒಂದೇ ಬೆರಳಾದರೆ ನಿಂತಿದೆ. ನಿಂತದ್ದನ್ನು ಕಾಲು ಹಿಡಿದು ಎಳೆದು ಕ್ರೇಟಿಗೆ ಹಾಕುವುದು. ಇಷ್ಟೆಲ್ಲ ಮಾಡುವ ನಾನು ಜನ್ಮದಲ್ಲಿ ಮೊಟ್ಟೆ ತಿಂದವಳಲ್ಲ. ನಮ್ಮದು ಲಿಂಗ ಕಟ್ಟಿದ ಮನೆ. ಸಂಜೆ ಹಿತ್ತಲಲ್ಲಿ ಸ್ನಾನ ಮಾಡದೆ ನನ್ನ ಅತ್ತೆ ನೀಲಮ್ಮ ನನ್ನನ್ನು ಅಡುಗೆಮನೆಯ ಹೊಸ್ತಿಲು ದಾಟಗೊಡುವುದಿಲ್ಲ.

ಮೂರನೇ ಶೆಡ್ಡಿನ ಕೋಳಿಗಳ ವಿಷಯ ಸ್ವಲ್ಪ ಹೇಳಬೇಕು. ಎಲ್ಲ ಮೊಟ್ಟೆಯ ಹಳದಿಯಲ್ಲೂ ಕೋಲೀನ್ ಎಂಬ ಸತ್ವವಿದೆ. ಮಿದುಳು ನೆನಪು ಕಟ್ಟುವುದಕ್ಕೆ ಅದು ಬೇಕು. ಆದರೆ ತಿಂದದ್ದರಲ್ಲಿ ಬಹುಪಾಲು ಲಿವರಿನಲ್ಲೇ ಖರ್ಚಾಗುತ್ತದೆ, ತಲೆಗೆ ಏರುವುದು ಚೂರು. ನಮ್ಮ ಡಾಕ್ಟರ್ ಅಹಲ್ಯಾ ಹೆಬ್ಬಾರರು ಹೊಸ ತಳಿಯೊಂದನ್ನು ಮಾಡಿದರು. ಈ ಕೋಳಿಯ ಮಿದುಳು ಪ್ರೋಟೀನಿನ ಒಂದು ಪುಟಾಣಿ ಡಬ್ಬಿ ತಯಾರಿಸುತ್ತದೆ. ಡಬ್ಬಿ ರಕ್ತದಲ್ಲಿ ಇಳಿದು ಹಳದಿಗೆ ಸೇರುತ್ತದೆ. ಅಲ್ಲಿ ಕೋಲೀನನ್ನು ತುಂಬಿಕೊಂಡು, ತಿಂದವರ ಮಿದುಳಿನ ಗೋಡೆಯನ್ನು ದಾಟಿ ಇಳಿಸುತ್ತದೆ. ಬೇಯಿಸಿದರೂ ಕೆಡುವುದಿಲ್ಲ, ಆರಿದ ಮೇಲೆ ಮತ್ತೆ ಮೊದಲಿನ ಹಾಗೇ ಮಡಚಿಕೊಳ್ಳುತ್ತದೆ. ಇದಕ್ಕೆ ಮೇಧಾ ಮೊಟ್ಟೆ ಎಂದು ಹೆಸರಿಟ್ಟು, ಸುತ್ತಲಿನ ಅರವತ್ತೆರಡು ಶಾಲೆಗಳಲ್ಲಿ ಮಧ್ಯಾಹ್ನದ ಊಟದ ಜೊತೆ ದಿನಕ್ಕೊಂದು ಕೊಡತೊಡಗಿದರು.

ಫಲ ಕಣ್ಣಿಗೆ ಕಾಣುವ ಹಾಗಿತ್ತು. ಮಕ್ಕಳ ತೂಕ ಏರಿತು, ಕಣ್ಣ ಕೆಳಗಿನ ಬಿಳಿಪು ಹೋಯಿತು, ಒಮ್ಮೆ ಕೇಳಿದ ಪದ್ಯ ಬಾಯಿಗೆ ಬಂತು. ತಿನ್ನದ ಮನೆಯವರಿಗೆ ಬಾಳೆಹಣ್ಣಿತ್ತು. ಅಪ್ಪ ಅಮ್ಮ ಸಹಿ ಮಾಡಿ ಕೊಟ್ಟರೆ ಮಗುವಿನ ಹೆಸರು ಬಾಳೆಹಣ್ಣಿನ ಪಟ್ಟಿಗೆ. ನಮ್ಮ ಕೇಂದ್ರಕ್ಕೂ ಅದು ಅನುಕೂಲವೇ ಆಯಿತು. ಮೊಟ್ಟೆ ತಿಂದವರು ಈ ಕಡೆ, ಬಾಳೆಹಣ್ಣಿನವರು ಆ ಕಡೆ, ಹೋಲಿಸಿ ನೋಡಲು ಬೇರೆ ಊರಿಗೆ ಹೋಗುವುದೇ ಬೇಡ.

ನನ್ನ ಮಗಳು ದಾಕ್ಷಾಯಿಣಿ ಬಾಳೆಹಣ್ಣಿನ ಪಟ್ಟಿಯವಳು. ಎಂಟು ವರ್ಷ. ಹುಟ್ಟಿದಾಗಿನಿಂದ ಬಡಕಲು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಏಳು ದಾಟಿದ್ದಿಲ್ಲ. ಬೆಳಿಗ್ಗೆ ತಿದ್ದಿಸಿದ ಅಕ್ಷರ ಸಂಜೆಗೆ ಇರುತ್ತಿರಲಿಲ್ಲ. ಸ್ಲೇಟು ಮುಂದಿಟ್ಟುಕೊಂಡು ತನ್ನ ಹೆಸರಿನ ಮೊದಲ ಅಕ್ಷರಕ್ಕೆ ತಡಕಾಡುವಾಗ ಅವಳ ಕಣ್ಣಲ್ಲಿ ನೀರು ತುಂಬುತ್ತಿತ್ತು. ಅದನ್ನು ನೋಡಲಾರದೆ ನಾನು ಎದ್ದು ಹೋಗುತ್ತಿದ್ದೆ. ಈ ವರ್ಷ ಮಾತ್ರ ಹುಡುಗಿ ಚಿಗುರಿಕೊಂಡಳು. ಹನ್ನೆರಡರ ಮಗ್ಗಿಯವರೆಗೂ ಬಂತು. ಕೆನ್ನೆ ತುಂಬಿತು. ಗುರುಬಸವನಿಗೆ ಹೊತ್ತ ಹರಕೆ ಫಲಿಸಿತೆಂದು ಅತ್ತೆ ಕೊಬ್ಬರಿ ಬೆಲ್ಲ ಹಂಚಿದರು. ನಾನು ಕಬ್ಬಿಣದ ಮಾತ್ರೆ ಕೆಲಸ ಮಾಡಿತೆಂದು ಬೀಗಿದೆ. ದೀಪದ ಬುಡದಲ್ಲೇ ಕತ್ತಲೆ ಅಂತ ಸುಮ್ಮನೆ ಹೇಳುತ್ತಾರೆಯೇ?

ತಿಂಗಳಿಗೊಮ್ಮೆ ಶಾಲೆಗೆ ಹೋಗಿ ಮಕ್ಕಳ ತೂಕ, ಎತ್ತರ ಬರೆದುಕೊಳ್ಳುವುದು ನನ್ನ ಪಾಲಿನ ಕೆಲಸ. ಆಷಾಢದ ಕೊನೆಯ ವಾರ ನಾಲ್ಕನೇ ತರಗತಿಗೆ ಕಾಲಿಟ್ಟಾಗ ನಲವತ್ತು ಮಕ್ಕಳ ಉಸಿರು ಒಟ್ಟಿಗೇ ನಿಂತಿತು. ಮುಂದಿನ ಬೆಂಚಿನಲ್ಲಿದ್ದ ಹುಡುಗಿ ಸಣ್ಣಗೆ ನಡುಗುತ್ತಿದ್ದಳು. ಸಮಾಧಾನ ಮಾಡೋಣವೆಂದು ಅವಳ ತಲೆಯ ಮೇಲೆ ಕೈ ತಂದೆ. ಕೈ ತಾಗುವ ಮೊದಲೇ ಅವಳು ನೆಲಕ್ಕೆ ಕುಸಿದು ಕುಕ್ಕರಗಾಲಲ್ಲಿ ಕೂತಳು. ಎರಡು ಮೊಣಕೈಗಳನ್ನೂ ಮೈಯಿಂದ ಅಗಲಿಸಿ, ಬೆನ್ನು ಚಪ್ಪಟೆ ಮಾಡಿ, ಕಣ್ಣು ಮಿಟುಕಿಸದೆ.

ನನ್ನ ಕೈ ಗಾಳಿಯಲ್ಲೇ ನಿಂತಿತು. ಮೊಟ್ಟೆ ಇಡುವ ಕೋಳಿಯ ಬೆನ್ನ ಮೇಲೆ ಕೈ ಬಂದರೆ ಅದು ಹೀಗೇ ಕೂರುತ್ತದೆ. ದಿನಕ್ಕೆ ನೂರು ಸಲ ನೋಡಿದವಳು ನಾನು.

"ಈಗೀಗ ಹಂಗೇ ಮಾಡ್ತಾವ್ರಿ," ಎಂದರು ಟೀಚರು ಮೆಲ್ಲಗೆ. "ಏನೋ ಆಟ ಇರಬೇಕು ಅನ್ಕಂಡಿದ್ವಿ. ಆದ್ರ ನೀವು ಬಂದಾಗ್ಲೇ ಜಾಸ್ತಿ."

"ನಾನೇನ್ ಮಾಡೀನಿ ಅವಕ್ಕ?" ಎಂದೆ.

ಮೂಲೆಯಲ್ಲಿ ಬಾಳೆಹಣ್ಣಿನ ಆರು ಮಕ್ಕಳಿದ್ದರು. ಅವರಲ್ಲಿ ಐದು ಮಂದಿ ಮಾಮೂಲಾಗಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ದಾಕ್ಷಿ ಡೆಸ್ಕಿನ ಕೆಳಗೆ ಬಗ್ಗಿ ಪೆನ್ಸಿಲು ಹುಡುಕುತ್ತಿದ್ದಳು. ನಾನು ಹೊರಗೆ ಬರುವವರೆಗೂ ಅವಳಿಗೆ ಪೆನ್ಸಿಲು ಸಿಗಲಿಲ್ಲ.

ಭಾನುವಾರ ಅವಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುವ ದಿನ. ಪಡಸಾಲೆಯಲ್ಲಿ ಮಣೆ ಹಾಕಿಕೊಂಡು ಕೂತು ಕರೆದೆ. ಬಂದಳು, ಆದರೆ ಗೋಡೆಗೆ ಬೆನ್ನು ಹಚ್ಚಿ ನಿಂತಳು. "ಬಾ ಇಲ್ಲಿ," ಎಂದು ಅವಳ ನೆತ್ತಿಯ ಮೇಲೆ ಎಣ್ಣೆಯ ಕೈ ಇಡಲು ಹೋದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗು ನನ್ನ ಕಾಲ ಬಳಿ ಕುಸಿದು, ಮೊಣಕೈ ಅಗಲಿಸಿ ಕೂತುಬಿಟ್ಟಿತು.

ಎಣ್ಣೆಯ ಬಟ್ಟಲು ಉರುಳಿತು. ಬಳಿಯಲು ನನಗೆ ಕೈಯೇ ಬರಲಿಲ್ಲ.

"ದಾಕ್ಷಿ, ನಿಜ ಹೇಳು. ಸಾಲ್ಯಾಗ ಮೊಟ್ಟಿ ತಿಂತೀಯಾ?"

ಬೆಂಡೆಕಾಯಿ ಹೆಚ್ಚುತ್ತಿದ್ದ ಅತ್ತೆ ಒಳಗಿನಿಂದ ಬಂದರು. ಅಜ್ಜಿಯ ಸೆರಗು ಸಿಕ್ಕಿದ ಮೇಲೆ ಮಾತು ಹೊರಟಿತು. "ನಸೀಮಾಗ ಬಾಳೆಹಣ್ಣು ಭಾಳ ಇಷ್ಟ. ನಾನು ಅದು ಕೊಡ್ತೀನಿ. ಅಕಿ ಮೊಟ್ಟಿ ಕೊಡ್ತಾಳ. ಜೂನ್‌ನಾಗ ಸಾಲಿ ಸುರುವಾದಾಗಿಂದ."

"ಶಿವಶಿವಾ!" ಎಂದರು ಅತ್ತೆ. ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ಹಂಚಿದ ಕೊಬ್ಬರಿ ಬೆಲ್ಲ ಅವರ ನೆನಪಿಗೆ ಬಂದಿರಬೇಕು.

"ನನ್ನ ಕಂಡ್ರ ಯಾಕ ಹೆದರ್ತೀಯವ್ವಾ? ನಾನು ನಿನಗ ಎಂದಾರ ಹೊಡದೀನಾ?"

"ನೀನಲ್ಲ. ನಿನ್ನ ಕೈ." ಅವಳು ಅಜ್ಜಿಯ ಬೆನ್ನ ಹಿಂದಿನಿಂದ ಹೇಳಿದಳು. "ನೀಲಿ ಕೈ ಬರ್ತೈತಿ. ಬಾಜೂದಕಿನ್ನ ಎಳಕೊಂಡು ಹೋಗ್ತೈತಿ. ಕಾಲ ಕೆಳಗ ಬರೇ ತಂತಿ, ಅವ್ವಾ. ನಿಂದ್ರಾಕ ಬರಂಗಿಲ್ಲ. ನಾನು ಏನೋ ಮಾಡಿರ್ತೀನಿ, ಬೆಚ್ಚಗಿರ್ತೈತಿ, ತಿರುಗಿ ನೋಡೂದರಾಗ ಉರುಳಿ ಹೋಗಿಬಿಡ್ತೈತಿ. ದಿನಾ ಹೋಗ್ತೈತಿ."

ಹೇಳುತ್ತ ಹೇಳುತ್ತ ಅವಳು ಅಳತೊಡಗಿದಳು. ಮಕ್ಕಳು ಆಟಿಕೆ ಕಳೆದುಕೊಂಡು ಅಳುವ ಅಳು ಅದಲ್ಲ. ನಮ್ಮ ಓಣಿಯಲ್ಲಿ ಹೆರಿಗೆಯಲ್ಲಿ ಕೂಸು ಕಳೆದುಕೊಂಡವಳೊಬ್ಬಳು ಹೀಗೆ ಅತ್ತದ್ದನ್ನು ಕೇಳಿದ್ದೆ. ಈಗ ಅದೇ ಅಳು ಎಂಟು ವರ್ಷದ ಹುಡುಗಿಯ ಬಾಯಲ್ಲಿ. ನನ್ನ ಮಗಳು ಶೆಡ್ಡಿನೊಳಗೆ ಎಂದೂ ಕಾಲಿಟ್ಟವಳಲ್ಲ. ಅಲ್ಲಿ ತಂತಿಯ ನೆಲ ಇಳಿಜಾರಾಗಿದೆ ಎಂದೂ, ಇಟ್ಟ ಮೊಟ್ಟೆ ನಿಲ್ಲದೆ ಬೆಲ್ಟಿಗೆ ಉರುಳುತ್ತದೆ ಎಂದೂ ಮನೆಯಲ್ಲಿ ಯಾರಿಗೂ ನಾನು ಹೇಳಿರಲಿಲ್ಲ.

ಸೋಮವಾರ ನೇರ ಡಾಕ್ಟರ್ ಅಹಲ್ಯಾರ ಕೋಣೆಗೆ ನುಗ್ಗಿದೆ. ಕೇಳಿ ಮುಗಿಸುವ ಹೊತ್ತಿಗೆ ಅವರ ಮುಂದಿನ ಕಾಫಿಗೆ ಕೆನೆ ಕಟ್ಟಿತ್ತು.

"ಎಂತ ಹೇಳ್ತೀರಿ ಮಾರಾಯ್ತಿ," ಎಂದರು. ಆದರೆ ಅಚ್ಚರಿಪಟ್ಟ ಹಾಗೆ ಕಾಣಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿದರು. "ಡಬ್ಬಿ ಖಾಲಿ ಹೊರಡಬೇಕಿತ್ತು, ಶಿವಲೀಲಾ. ಅದು ಹುಟ್ಟುವುದು ಕೋಳಿಯ ಮಿದುಳಿನಲ್ಲಿ ಅಲ್ವಾ? ಅಲ್ಲಿಂದ ಹೊರಡುವಾಗ ಏನೋ ತುಂಬಿಕೊಂಡು ಬರ್ತಿದೆ ಅಂತ ಎರಡು ತಿಂಗಳಿಂದ ಅನುಮಾನ. ಕೋಳಿ ಕಲಿತದ್ದರ ಗುರುತುಗಳು ಅಂತ ಕಾಣ್ತದೆ."

"ಹಂಗಾರ ನನ್ನ ಮುಖಾನೇ ಯಾಕ್ರೀ ಮೇಡಂ?"

"ಮತ್ತೆ ಯಾರದ್ದು ಇರ್ತದೆ? ಮೇವು ಬೆಲ್ಟಿನಲ್ಲಿ ಬರ್ತದೆ. ನೀರು ನಳಿಗೆಯಲ್ಲಿ. ಮೊಟ್ಟೆ, ಹಿಕ್ಕೆ ಎಲ್ಲ ಯಂತ್ರ. ಆ ಹತ್ತು ಸಾವಿರ ಕೋಳಿಗಳಿಗೆ ಗೊತ್ತಿರುವ ಮನುಷ್ಯರು ನೀವೊಬ್ಬರೇ."

ನಾನು ನನ್ನ ಕೈಗಳನ್ನು ನೋಡಿಕೊಂಡೆ. ನೀಲಿ ಕೈಗವಸಿನ ಪುಡಿ ಉಗುರಿನ ಸಂದಿಯಲ್ಲಿತ್ತು.

"ನಿಲ್ಲಿಸ್ರಿ ಇದನ್ನ," ಎಂದೆ.

"ನಿಲ್ಲಿಸಿದರೆ ಆರು ವಾರದಲ್ಲಿ ಆ ನೆನಪು ಅಳಿಸಿ ಹೋಗ್ತದೆ. ಅದರ ಜೊತೆ ಉಳಿದದ್ದೂ ಹೋಗ್ತದೆ. ಮಗಳು ಮಗ್ಗಿ ಹೇಳ್ತಾಳೆ ಅಂತ ನೀವೇ ಪೇಡಾ ತಂದಿದ್ರಿ. ಅರವತ್ತೆರಡು ಶಾಲೆಯಲ್ಲಿ ರಕ್ತಹೀನತೆ ಅರ್ಧಕ್ಕೆ ಇಳಿದಿದೆ. ಹೆದರಿಕೆ ಒಂದಕ್ಕೋಸ್ಕರ ಇಷ್ಟನ್ನೂ ಬಿಡುವುದಾ?"

ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ. ಮಕ್ಕಳನ್ನೂ ಯಾರೂ ಕೇಳಿರಲಿಲ್ಲ. ಅದನ್ನು ಅವರ ಮುಖಕ್ಕೆ ಹೇಳಬೇಕೆಂದು ಬಾಯಿ ತೆರೆದೆ. ಸ್ಲೇಟಿನ ಮುಂದೆ ತಡಕಾಡುತ್ತಿದ್ದ ದಾಕ್ಷಿಯ ಮುಖ ಕಣ್ಣ ಮುಂದೆ ಬಂತು, ಬಾಯಿ ಮುಚ್ಚಿಕೊಂಡೆ. ಅವಳ ಆರೋಗ್ಯವೂ ಬೇಕು, ಅವಳೂ ಬೇಕು. ಎರಡೂ ಉಳಿಯುವ ದಾರಿಯೊಂದು ತಲೆಗೆ ಹೊಳೆಯಿತು. ಹೊಳೆಯಬಾರದಿತ್ತು.

ಮರುದಿನದಿಂದ ನೀಲಿ ಗೌನು, ನೀಲಿ ಕೈಗವಸು ಬಿಟ್ಟೆ. ರಕ್ತ ತೆಗೆಯುವ ಕೆಲಸವನ್ನು ಒಂದು ತಿಂಗಳು ಮುಂದೂಡಿಸಿದೆ. ಬೆಳಿಗ್ಗೆ ಒಂದು ಬುಟ್ಟಿ ಹೊನಗೊನ್ನೆ ಸೊಪ್ಪು, ನೆನೆಸಿದ ಜೋಳದ ನುಚ್ಚು ಹೊತ್ತುಕೊಂಡು ಮೂರನೇ ಶೆಡ್ಡಿಗೆ ಹೋದೆ. ನಾನು ಒಳಗೆ ಕಾಲಿಡುತ್ತಲೇ ಹತ್ತು ಸಾವಿರ ಕೋಳಿಗಳು ಗಪ್ಪಾದವು. ಹನ್ನೊಂದು ವರ್ಷದಿಂದ ಅದನ್ನು ನಾನು ಶಿಸ್ತು ಅಂದುಕೊಂಡಿದ್ದೆ. "ಬಾ, ಬಾ, ಬಾ," ಎಂದು ಸಣ್ಣ ದನಿಯಲ್ಲಿ ಕರೆಯುತ್ತ ಸಾಲು ಸಾಲಾಗಿ ನಡೆದೆ. ಮೊದಲ ವಾರ ಒಂದೂ ಬಾಯಿ ಹಾಕಲಿಲ್ಲ. ಎರಡನೇ ವಾರ ನನ್ನ ಅಂಗೈಯಿಂದ ನುಚ್ಚು ಹೆಕ್ಕಿದವು. ಮೂರನೇ ವಾರ ನಾನು ಬಾಗಿಲು ತೆರೆದರೆ ಎಲ್ಲವೂ ತಂತಿಗೆ ಕತ್ತು ಚಾಚಿ ಕೂಗತೊಡಗಿದವು. ನನಗೆ ಅಳು ಬಂತು. ಇಷ್ಟು ದಿನ ಇವುಗಳ ಜೊತೆ ಹೀಗೆ ನಡೆದುಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಶ್ರಾವಣದ ಕೊನೆಯ ಸೋಮವಾರ ನಾನು ಪಡಸಾಲೆಯಲ್ಲಿ ಸೊಪ್ಪು ಸೋಸುತ್ತಿದ್ದೆ. ದಾಕ್ಷಿ ತಾನೇ ಬಂದು ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದಳು. ನನ್ನ ಕೈ ಎಳೆದು ತನ್ನ ಕೆನ್ನೆಯ ಮೇಲೆ ಇಟ್ಟುಕೊಂಡಳು. ನಾನು ಅಲ್ಲಾಡಲಿಲ್ಲ. ಒಲೆಯ ಮೇಲೆ ಬೇಳೆ ಸೀಯುವ ವಾಸನೆ ಬಂದರೂ ಏಳಲಿಲ್ಲ.

"ತಾಯಿ ಮಕ್ಕಳು ಒಂದಾದ್ರಿ. ಸಾರು ಹತ್ತಿದ್ರ ಹತ್ಲಿ ಬಿಡು," ಎಂದು ಅತ್ತೆ ನಕ್ಕರು.

ಆ ನಗು ಮೂರು ದಿನ ಉಳಿಯಿತು. ಗುರುವಾರ ಶಾಲೆಯ ಮುಂದೆ ಹಾದು ಬರುವಾಗ ಆಟದ ಬಯಲಿನಲ್ಲಿದ್ದ ಮಕ್ಕಳೆಲ್ಲ ಒಟ್ಟಿಗೇ ತಿರುಗಿದರು. ಆಮೇಲೆ ಗೇಟಿಗೆ ಬಂದು ಕಂಬಿಯಿಂದ ಕತ್ತು ಹೊರಗೆ ಚಾಚಿದರು. ನೂರೈವತ್ತು ಮಕ್ಕಳು. ನನಗೆ ಹೆಸರು ಕೂಡ ತಿಳಿಯದ ಮಕ್ಕಳು ನನ್ನನ್ನು ನೋಡಿ ಖುಷಿಯಿಂದ ನಡುಗುತ್ತಿದ್ದರು. ಬಾಯಿ ತಪ್ಪಿ ನಾನು "ಬಾ, ಬಾ," ಎಂದುಬಿಟ್ಟೆ. ಗೇಟು ಕಿತ್ತು ಬರುವ ಹಾಗೆ ನೂಕಿದರು. ಮುಂದೆ ಸಿಕ್ಕಿಬಿದ್ದ ಹುಡುಗಿಯ ಹಣೆ ಕಂಬಿಗೆ ಒತ್ತಿ ರಕ್ತ ಬಂತು, ಅವಳು ಆಗಲೂ ನಗುತ್ತಿದ್ದಳು. ಆ ನೂರೈವತ್ತು ಮುಖಗಳಲ್ಲಿ ದಾಕ್ಷಿಯದೂ ಒಂದು. ಮನೆಯಲ್ಲಿ ನನ್ನ ತೊಡೆಯ ಮೇಲೆ ಮಲಗಿದಾಗ ಅವಳ ಮುಖದಲ್ಲಿದ್ದ ನಗುವೂ ಅಲ್ಲಿದ್ದ ನಗುವೂ ಒಂದೇ ಆಗಿತ್ತು.

ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದು ಎಂದರೆ ಇದೇ. ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹೆದರಿಕೆ ತಡೆಯದೆ ಡಾಕ್ಟರಿಗೆ ಹೇಳಿದೆ. ಅವರು ಮೇಲಿನವರಿಗೆ ವರದಿ ಮಾಡಿದರು. ವಾರದೊಳಗೆ, ಚುನಾವಣೆಯಲ್ಲಿ ಸೋತು ನಮ್ಮ ಕೇಂದ್ರದ ಅಧ್ಯಕ್ಷನಾಗಿದ್ದ ಪ್ರಭಾಕರಯ್ಯ ಬಿಳಿ ಕಾರಿನಲ್ಲಿ ಬಂದಿಳಿದ.

ಈ ಮನುಷ್ಯನನ್ನು ನಾನು ಹಿಂದೆ ಎರಡೇ ಸಲ ನೋಡಿದ್ದು, ಎರಡೂ ಸಲ ಹಾರ ಹಾಕಿಸಿಕೊಳ್ಳುವಾಗ. ನಯವಾದ ಮಾತು, ಎಣ್ಣೆ ಹಚ್ಚಿದಂಥ ನಗು, ಎದುರಿಗಿರುವವರನ್ನು ತೂಗಿ ನೋಡುವ ಕಣ್ಣು. ನಂಬಬಾರದ ಆಸಾಮಿ ಎಂದು ಅವತ್ತೇ ಅನ್ನಿಸಿತ್ತು. ಶಾಲೆಯ ಗೇಟಿನ ಬಳಿ ಕಾರು ನಿಲ್ಲಿಸಿ, ನನ್ನನ್ನು ಇಳಿಸಿ, ಮಕ್ಕಳು ಏನು ಮಾಡುತ್ತಾರೆಂದು ಗಾಜಿನೊಳಗಿನಿಂದ ನೋಡಿದ. ವಾಪಸು ಬರುವಾಗಲೂ ಕನ್ನಡಿಯಲ್ಲಿ ಆ ಗೇಟನ್ನೇ ನೋಡುತ್ತಿದ್ದ.

"ಎಷ್ಟು ದಿನ ಹಿಡೀತಮ್ಮ ಹಿಂಗಾಗೋಕೆ?" ಎಂದ ಕಡೆಗೆ.

"ಮೂರು ವಾರ, ಸರ್."

"ಬರೀ ಸೊಪ್ಪು, ನುಚ್ಚು?"

"ಹೌದ್ರಿ. ದಿನಾ ಅದೇ ಮುಖ, ಅದೇ ದನಿ ಇರಬೇಕು."

"ಒಳ್ಳೇ ಕೆಲಸ ಮಾಡಿದ್ದೀಯಮ್ಮ. ಈ ಮಕ್ಕಳಿಗೆಲ್ಲ ಈಗೆಷ್ಟು ವಯಸ್ಸು? ಎಂಟು, ಒಂಬತ್ತು?" ಎಂದು ಅವನು ಬೆರಳು ಮಡಚಿ ಮಡಚಿ ಹದಿನೆಂಟರವರೆಗೆ ಎಣಿಸಿದ.

ಮರುದಿನವೇ ನನ್ನನ್ನು ಕಚೇರಿಯ ಕೋಣೆಗೆ ಹಾಕಿದರು. ಮೂರನೇ ಶೆಡ್ಡಿಗೆ ಹೋಗಕೂಡದೆಂದು ಆದೇಶ. ದಿನಾ ಬೆಳಿಗ್ಗೆ ನಮ್ಮ ಓಣಿ, ಶಾಲೆ ಹಾದು ಬಿಳಿ ಕಾರು ಕೇಂದ್ರಕ್ಕೆ ಬರತೊಡಗಿತು. ಪ್ರಭಾಕರಯ್ಯ ಅಂಗಿಯ ತೋಳು ಮಡಚಿ, ಸೊಪ್ಪಿನ ಬುಟ್ಟಿ ಹಿಡಿದು ಒಳಗೆ ಹೋಗುತ್ತಿದ್ದ. ಕಿಟಕಿಯಿಂದ ಅವನ ದನಿ ಕೇಳುತ್ತಿತ್ತು: "ಬಾ, ಬಾ, ಬಾ." ನನ್ನದೇ ರಾಗ.

ಅದನ್ನು ಮೊದಲ ಸಲ ಕೇಳಿದ ದಿನವೇ ಸಂಜೆ ನಿರ್ಧಾರ ಮಾಡಿದೆ. ಮಗ್ಗಿ ಹೋದರೆ ಹೋಗಲಿ, ನನ್ನ ಮಗಳು ನನಗೆ ಬೇಕು. ನನ್ನನ್ನು ಕಂಡು ಅವಳು ನಗುವುದಾದರೆ ಅವಳೇ ನಗಬೇಕು, ಯಾವುದೋ ಕೋಳಿಯ ಬದಲಿಗಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ದಿನವೂ ಶಾಲೆಗೆ ಹೋಗಿ ಅವಳ ಪಕ್ಕದಲ್ಲಿ ಕೂತು ಬಾಳೆಹಣ್ಣು ತಿನ್ನಿಸಿದೆ. ಪಟ್ಟಿಯಲ್ಲಿ ಈಗ ಅವಳದೊಂದೇ ಹೆಸರು. ಉಳಿದ ಐದು ಮನೆಯವರು ಬೇರೆ ಮಕ್ಕಳ ಅಂಕ ನೋಡಿ ನೋಡಿ, ದೇವರ ಹತ್ತಿರ ತಪ್ಪು ಒಪ್ಪಿಕೊಂಡು, ಮೊಟ್ಟೆಗೆ ಸಹಿ ಮಾಡಿದ್ದರು.

ಆರು ವಾರ. ಮಗ್ಗಿ ಹನ್ನೆರಡರಿಂದ ಏಳಕ್ಕೆ ಇಳಿಯಿತು. ಕೆನ್ನೆ ಮತ್ತೆ ಬಿಳಿಚಿತು. ತಂತಿಯ ನೆಲದ ಮಾತು ನಿಂತಿತು, ಸೊಪ್ಪಿನ ಬುಟ್ಟಿಯ ಖುಷಿಯೂ ನಿಂತಿತು. ಒಂದು ದಿನ ಹೋಂವರ್ಕ್ ಮಾಡು ಎಂದು ಗದರಿದಾಗ, "ಹೋಗವ್ವಾ, ಬರೀ ಬೈತೀ!" ಎಂದು ಸ್ಲೇಟು ತಳ್ಳಿ, ಸ್ವಲ್ಪ ಹೊತ್ತಾದ ಮೇಲೆ ತಾನೇ ಬಂದು ಬೆನ್ನಿಗೆ ಜೋತುಬಿದ್ದಳು. ಆ ಬೈಗುಳ ಕೇಳಿ ನನಗಾದ ಸಂತೋಷವನ್ನು ಯಾರಿಗೆ ಹೇಳಲಿ? ಅದು ಅವಳದೇ ಮಾತು.

ಆಮೇಲೆ ಒಂದು ಸಂಜೆ ಜಡೆ ಬಿಚ್ಚುವಾಗ ಅವಳ ಕತ್ತಿನ ಹಿಂದೆ ಒಂದು ರೂಪಾಯಿಯಗಲ ಕೂದಲೇ ಇರಲಿಲ್ಲ. ಚರ್ಮದ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಫ್ರಾಕು ಸರಿಸಿದರೆ ಬೆನ್ನ ಕೆಳಗೂ ಅಂಥವೇ ಗುರುತು, ಉಗುರಿನಿಂದ ಕಿತ್ತದ್ದು.

"ಯಾರು ಮಾಡಿದ್ದು?"

"ಎಲ್ಲಾರೂ," ಎಂದಳು. "ಒಬ್ಬಳು ಮಾಡ್ತಾಳ, ಆಮ್ಯಾಲೆ ಎಲ್ಲಾರೂ ಬರ್ತಾರ. ನಸೀಮಾನೂ. ಬಿಳಿ ಕಾರು ಬಂದಾಗ ನಾನು ಅವರ ಜೋಡಿ ಗೇಟಿಗೆ ಓಡಂಗಿಲ್ಲ ಅಂತ. ಬೈಯಂಗಿಲ್ಲವ್ವಾ, ಏನೂ ಮಾತಾಡಂಗಿಲ್ಲ. ಸುಮ್ನ ಬಂದು ಕೀಳ್ತಾರ."

ಕೋಳಿ ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಂಪಿನಲ್ಲಿ ಒಂದು ಬೇರೆಯಾಗಿ ಕಂಡರೆ ಉಳಿದವು ಕುಕ್ಕುತ್ತವೆ. ಮೊದಲು ಕತ್ತು, ಆಮೇಲೆ ಬಾಲದ ಬುಡ. ರಕ್ತ ಕಂಡ ಮೇಲೆ ನಿಲ್ಲಿಸುವುದಿಲ್ಲ. ಅಂಥದ್ದನ್ನು ತೆಗೆದು ಬೇರೆ ಗೂಡಿಗೆ ಹಾಕಬೇಕು, ಇಲ್ಲವಾದರೆ ಎರಡು ದಿನದಲ್ಲಿ ಸಾಯುತ್ತದೆ. ಬೇರೆ ಗೂಡು ಎಲ್ಲಿದೆ? ಅರವತ್ತೆರಡು ಶಾಲೆಗಳಲ್ಲೂ ಅದೇ ಮೊಟ್ಟೆ, ಮುಂದಿನ ವರ್ಷ ಇಡೀ ಜಿಲ್ಲೆಗೆ. ಟೀಚರಿಗೆ ಹೇಳಿದೆ. ಅವರು ತಲೆ ವಾಲಿಸಿ ನನ್ನನ್ನೇ ನೋಡಿದರು. ಉಳಿದ ಮೊಟ್ಟೆಯನ್ನು ಅವರೂ ತಿನ್ನುತ್ತಾರೆಂದು ಆಗ ತಿಳಿಯಿತು. ಡಾಕ್ಟರ್ ಅಹಲ್ಯಾ ರಜೆ ಹಾಕಿ ಊರಿಗೆ ಹೋದವರು ಫೋನು ಎತ್ತುತ್ತಿಲ್ಲ. ಚನ್ನವೀರ, "ಸಾಲಿ ಬಿಡಿಸಿಬಿಡು," ಎನ್ನುತ್ತಾನೆ. ಓಣಿಯ ತುಂಬ ಅದೇ ಮಕ್ಕಳು. ಸಾಲಿ ಬಿಡಿಸಿ ಕೂಸನ್ನು ಅಟ್ಟದ ಮೇಲೆ ಇಡಲೇ?

ನಿನ್ನೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಎರಡು ಮೊಟ್ಟೆ ಬೇಯಿಸಿದೆ. ಕೇಂದ್ರದ ಸಿಬ್ಬಂದಿಗೆ ವಾರಕ್ಕೊಂದು ಟ್ರೇ ಕೊಡುತ್ತಾರೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಮನೆಗೆ ತಂದೆ. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದರು.

"ಎರಡ್ಯಾಕ?" ಎಂದರು.

"ಆಕಿ ಒಬ್ಬಾಕಿನ್ನೇ ಹೆಂಗ ಕಳಿಸ್ಲಿ ಅತ್ತಿ? ಆಕಿ ತಲ್ಯಾಗ ಏನು ಬಂದು ಕುಂದರ್ತೈತಿ ಅಂತ ನನಗೂ ಗೊತ್ತಾಗಬೇಕು. ನಾನು ಗೊತ್ತಿದ್ದು ತಿನ್ನಾಕಿ. ನನಗ ಹಿಡಿತ ಇರ್ತೈತಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ದಾಕ್ಷಿಗೆ ಸಿಪ್ಪೆ ಸುಲಿದು ಕೊಟ್ಟೆ. ನನ್ನದನ್ನು ಮೂಗು ಮುಚ್ಚಿಕೊಂಡು ನುಂಗಿದೆ. ಹಳದಿ ಗಂಟಲಿಗೆ ಅಂಟಿಕೊಂಡಿತು, ಎರಡು ಲೋಟ ನೀರು ಕುಡಿದೆ. ಇವತ್ತಿಗೆ ಎರಡನೆಯದು. ಇನ್ನೂ ಏನೂ ಆಗಿಲ್ಲ. ಆಗುವುದರೊಳಗೆ, ಇದ್ದದ್ದನ್ನು ಇದ್ದ ಹಾಗೆ ಆರೋಗ್ಯ ಇಲಾಖೆಗೆ ಬರೆದು ಕಳಿಸಬೇಕೆಂದು ಈ ಹಾಳೆಗಳನ್ನು ಹಿಡಿದು ಕೂತಿದ್ದೇನೆ. ಆ ಪ್ರಭಾಕರಯ್ಯನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ.

*

ಮೇಲಿನದನ್ನು ಬರೆದು ಐದು ವಾರವಾಯಿತು. ಇವತ್ತು ಬೀರು ಒರೆಸುವಾಗ ಸಿಕ್ಕಿತು, ಓದಿ ನೋಡಿದೆ. ಕೈಬರಹ ನನ್ನದೇ. ಇಷ್ಟೊಂದು ಸಿಟ್ಟು ಯಾಕೆ ಮಾಡಿಕೊಂಡಿದ್ದೆನೋ ತಿಳಿಯಲಿಲ್ಲ.

ನನ್ನ ಮಂಡಿನೋವು ಹೋಗಿದೆ. ರಕ್ತ ಹದಿಮೂರಿದೆ. ದಾಕ್ಷಿಯ ಕತ್ತಿನ ಹಿಂದೆ ಕೂದಲು ಹುಟ್ಟುತ್ತಿದೆ, ಮಗ್ಗಿ ಹದಿನಾರಕ್ಕೆ ಬಂದಿದೆ. ಅವಳನ್ನು ಈಗ ಯಾರೂ ಮುಟ್ಟುವುದಿಲ್ಲ. ಬೆಳಿಗ್ಗೆ ಬಿಳಿ ಕಾರು ಬರುವ ಹೊತ್ತಿಗೆ ನಾವಿಬ್ಬರೂ ಕಿಟಕಿಯ ಹತ್ತಿರ ನಿಂತಿರುತ್ತೇವೆ. ಪ್ರಭಾಕರಯ್ಯನವರು ಗಾಜು ಇಳಿಸಿ ಕೈ ಬೀಸುತ್ತಾರೆ. ಬೆಚ್ಚಗೆನಿಸುತ್ತದೆ. ಎಷ್ಟು ಒಳ್ಳೆಯವರು ಗೊತ್ತೇ ಅವರು?

ಚನ್ನವೀರನೂ ಈಗ ಮೊಟ್ಟೆ ತಿನ್ನುತ್ತಾನೆ, ಮನೆಯಲ್ಲಿ ಅತ್ತೆ ಒಬ್ಬರೇ ತಿಂದಿಲ್ಲ. ಎಷ್ಟು ಹೇಳಿದರೂ ಬಾಯಿ ತೆರೆಯುವುದಿಲ್ಲ. ನಾನು ಓದಿ ಮುಗಿಸುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಕೈಯಲ್ಲಿರುವ ಹಾಳೆಗಳನ್ನು ನೋಡುತ್ತಿದ್ದರು.

"ಶಿವಲೀಲಾ," ಎಂದರು, "ಆ ಮನಿಷ್ಯಾನ ಮ್ಯಾಲೆ ಕಾಗದ ಕಳಿಸ್ತೀನಿ ಅಂದಿದ್ದೆಲ್ಲವಾ?"

ನಾನು ತಲೆ ವಾಲಿಸಿ ಅವರನ್ನು ಒಂದು ಕಣ್ಣಿನಿಂದ ನೋಡಿದೆ. ಅವರು ನನ್ನನ್ನೊಮ್ಮೆ ದಾಕ್ಷಿಯನ್ನೊಮ್ಮೆ ನೋಡಿ, ಒಂದು ಹೆಜ್ಜೆ ಹಿಂದೆ ಸರಿದು, ಒಲೆಯ ಕಡೆ ತಿರುಗಿದರು. ಬಿಳಿ ಕೂದಲನ್ನು ಎತ್ತಿ ಗಂಟು ಹಾಕಿದ್ದರಿಂದ ಅವರ ಕತ್ತಿನ ಹಿಂಭಾಗ ಚೆನ್ನಾಗಿ ಕಾಣುತ್ತಿತ್ತು. ನಾನೂ 
ದಾಕ್ಷಿಯೂ ಒಟ್ಟಿಗೇ ಎದ್ದೆವು.